ಕಡ್ಡಿಯಂಥ ಹುಡುಗನಿಗೆ ಕೊಬ್ಬು ಎಲ್ಲಿಂದ ಬಂತು?

ಪತ್ರ: ಬೈಕಿನಿಂದ ಬಿದ್ದು ತಮ್ಮನ ತೊಡೆಮೂಳೆ ಮುರಿಯಿತು. ಮರುದಿನ ಆಪರೇಷನ್ ಮಾಡಿ ರಾಡ್ ಹಾಕಿದರು. ರಾತ್ರಿ ಚೆನ್ನಾಗಿಯೇ ಮಾತಾಡಿದವನು ಬೆಳಿಗ್ಗೆ ನನ್ನ ಗುರುತೇ ಹಿಡಿಯಲಿಲ್ಲ, ಏದುಸಿರು ಬೇರೆ. ಐಸಿಯುಗೆ ಹಾಕಿದರು. ಈಗ ಗುಣವಾಗಿ ಮನೆಗೆ ಬಂದಿದ್ದಾನೆ. ‘ಕೊಬ್ಬು ಶ್ವಾಸಕೋಶಕ್ಕೆ ಹೋಗಿತ್ತು’ ಎಂದರು ಡಾಕ್ಟರು. ಅವನೋ ಕಡ್ಡಿಯಂಥ ಹುಡುಗ! ಅನೆಸ್ತೇಸಿಯಾ ಹೆಚ್ಚಾದದ್ದನ್ನು ಮುಚ್ಚಿಡುತ್ತಿದ್ದಾರೆ ಅಂತಾರೆ ನೆಂಟರು. ನಿಜವೇ?
– ಓದುಗರೊಬ್ಬರು, ಹಾವೇರಿ ಜಿಲ್ಲೆ

ಸಂಪಾದಕರ ಉತ್ತರ: ಅದು ಹೊಟ್ಟೆಯ ಕೊಬ್ಬಲ್ಲ, ಮೂಳೆಯದು. ದೊಡ್ಡವರ ತೊಡೆಮೂಳೆಯ ಟೊಳ್ಳಿನಲ್ಲಿ ತುಂಬಿರುವ ಹಳದಿ ಮಜ್ಜೆ ಬಹುಪಾಲು ಕೊಬ್ಬೇ. ಆಸಾಮಿ ಎಷ್ಟು ಸಣಕಲಾದರೂ ಅದು ಇದ್ದೇ ಇರುತ್ತದೆ. ಮೂಳೆ ಮುರಿದಾಗ ಅದರ ಹನಿಗಳು ಹರಿದ ರಕ್ತನಾಳಗಳಿಗೆ ನುಗ್ಗುತ್ತವೆ. ರಾಡ್ ಕೂರಿಸಲು ಟೊಳ್ಳನ್ನು ಕೊರೆಯುವಾಗ ಒತ್ತಡ ಏರಿ ಇನ್ನಷ್ಟು ಹನಿ ಹೊರಡಬಹುದು. ಅವು ಶ್ವಾಸಕೋಶದ ಅತಿ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ, ಕೆಲವು ದಾಟಿಕೊಂಡು ಮಿದುಳಿಗೂ ಹೋಗುತ್ತವೆ. ತೊಡೆಮೂಳೆ ಮುರಿದ ಹೆಚ್ಚಿನವರ ರಕ್ತದಲ್ಲಿ ಇಂಥ ಹನಿಗಳು ಓಡಾಡಿದರೂ ಏನೂ ಆಗುವುದಿಲ್ಲ. ಕಾಯಿಲೆಯಾಗುವುದು ಕೆಲವೇ ಮಂದಿಗೆ. ಫ್ಯಾಟ್ ಎಂಬಾಲಿಸಂ ಎನ್ನುವ ಇದು ಡಾಕ್ಟರು ಕಟ್ಟಿದ ಕತೆಯಲ್ಲ. ಜರ್ಮನಿಯ ವೈದ್ಯ ಜೆಂಕರ್ 1862ರಲ್ಲೇ ಶವಪರೀಕ್ಷೆಯಲ್ಲಿ ಕಂಡು ಬರೆದಿಟ್ಟಿದ್ದಾರೆ.

ನೆಂಟರ ಮಾತಿಗೆ ಬರೋಣ. ಅನೆಸ್ತೇಸಿಯಾ ಹೆಚ್ಚಾದರೆ ತೊಂದರೆ ಸಾಮಾನ್ಯವಾಗಿ ಥಿಯೇಟರಿನಲ್ಲೋ, ಹೊರಬಂದ ಕೆಲ ಗಂಟೆಗಳಲ್ಲೋ ಕಾಣಬೇಕು. ರಾತ್ರಿ ನೆಟ್ಟಗೆ ಮಾತಾಡಿದವನು ಬೆಳಿಗ್ಗೆ ಹೀಗಾದ ಎಂದರೆ ಡಾಕ್ಟರು ಹೇಳಿದ್ದೇ ಹೊಂದುತ್ತದೆ. ಮೂಳೆ ಮುರಿದ 24ರಿಂದ 72 ಗಂಟೆಗಳೊಳಗೆ ಬರುವುದು ಇದರ ಜಾಯಮಾನ. ಎದೆ, ಕಂಕುಳು, ಕಣ್ಣಿನ ಒಳರೆಪ್ಪೆಯ ಮೇಲೆ ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳು ಎದ್ದಿದ್ದವೇ, ನೆನಪು ಮಾಡಿಕೊಳ್ಳಿ. ಎಲ್ಲರಿಗೂ ಬರುವುದಿಲ್ಲ, ಬಂದರೆ ಅನುಮಾನ ಬಹುಮಟ್ಟಿಗೆ ತೀರಿದ ಹಾಗೆ. ಕೊಬ್ಬನ್ನು ಕರಗಿಸುವ ಔಷಧವಿಲ್ಲ. ಆಮ್ಲಜನಕ, ಬೇಕಾದರೆ ವೆಂಟಿಲೇಟರ್ ಕೊಟ್ಟು ದೇಹ ಸುಧಾರಿಸಿಕೊಳ್ಳುವವರೆಗೆ ಕಾಯಬೇಕು. ಆಪರೇಷನ್ ಮುಂದೂಡಿದ್ದರೆ ತಪ್ಪುತ್ತಿತ್ತೇನೋ ಎಂದು ಕೊರಗಬೇಡಿ. ಮುರಿದ ಮೂಳೆ ಅಲುಗಾಡುತ್ತ ಉಳಿದಷ್ಟೂ ಅಪಾಯ ಹೆಚ್ಚು, ಬೇಗ ಕೂರಿಸುವುದೇ ಕ್ಷೇಮ.

ಹಾಗೆಂದು ಆಸ್ಪತ್ರೆಯಲ್ಲಿ ಲೋಪವೇ ಇಲ್ಲ ಎಂದು ಇಲ್ಲಿ ಕೂತು ನಾನು ತೀರ್ಪು ಕೊಡಲಾರೆ. ಕೇಸ್ ಶೀಟಿನ ಪ್ರತಿ ಕೇಳಿ. ವೈದ್ಯಕೀಯ ಮಂಡಳಿಯ 2002ರ ನಿಯಮದಂತೆ ಕೇಳಿದ 72 ಗಂಟೆಗಳಲ್ಲಿ ಕೊಡಬೇಕು. ರಾತ್ರಿ ಆಮ್ಲಜನಕದ ಮಟ್ಟ ಎಷ್ಟೆಷ್ಟಿತ್ತು, ಇಳಿದದ್ದನ್ನು ನರ್ಸ್ ಎಷ್ಟು ಹೊತ್ತಿಗೆ ಬರೆದರು, ಡಾಕ್ಟರು ಯಾವಾಗ ಬಂದರು ಎಂಬುದನ್ನು ಬೇರೆ ಮೂಳೆತಜ್ಞರೊಬ್ಬರಿಗೆ ತೋರಿಸಿ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವಾಗ ಯಾರಾದರೂ ಎರಡು ನಿಮಿಷ ಕೂತು ಇದನ್ನು ಹೇಳಿದ್ದರೆ ನೆಂಟರ ಬಾಯಿಗೆ ಇಷ್ಟು ಕೆಲಸ ಇರುತ್ತಿರಲಿಲ್ಲ.

ಇನ್ನೊಂದು ಮಾತು. ರಾಡ್ ಹಾಕಿದ ಮೇಲೆ ಕೆಲವು ವಾರಗಳವರೆಗೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಇರುತ್ತದೆ. ಮೀನಖಂಡ ಊದಿ, ಬಿಸಿಯಾಗಿ, ಮುಟ್ಟಿದರೆ ನೋವು ಎಂದರೆ ಎಣ್ಣೆ ಹಚ್ಚಿ ತಿಕ್ಕಲು ಹೋಗಬೇಡಿ, ಅವತ್ತೇ ಡಾಕ್ಟರಿಗೆ ತೋರಿಸಿ. ಜೊತೆಗೆ ಉಸಿರು ಕಟ್ಟಿದರೆ ತಡಮಾಡದೆ 108ಕ್ಕೆ ಫೋನ್ ಮಾಡಿ.