ಸ್ಟೇಕ್ ಜೊತೆಗಿನ ಪಾಸ್ತಾದ ಕ್ರೀಮ್ ಸಾಸ್ ಒಡೆಯದಂತೆ ಮಾಡುವುದು ಹೇಗೆ?

ಸಾಸ್ ಒಡೆದು ಜಿಡ್ಡು ಬೇರೆಯಾಗಲು ಸಾಮಾನ್ಯವಾಗಿ ಅತಿಯಾದ ಉರಿಯೇ ಕಾರಣ. ಕೊಬ್ಬು ಕಡಿಮೆಯಿರುವ ಕ್ರೀಮ್ ಇನ್ನೂ ಬೇಗ ಒಡೆಯುತ್ತದೆ. ಮೊದಲು ಸ್ಟೇಕ್, ಅಂದರೆ ಸುಮಾರು 2.5 ಸೆಂ.ಮೀ. ದಪ್ಪದ ಮಾಂಸದ ತುಂಡನ್ನು ತೇವ ಉಳಿಯದಂತೆ ಒರೆಸಿ, ಉಪ್ಪು ಮತ್ತು ಕಾಳುಮೆಣಸಿನ ಪುಡಿ ಸವರಿ, ಚೆನ್ನಾಗಿ ಕಾದ ಕಬ್ಬಿಣದ ಬಾಣಲೆಯಲ್ಲಿ ಒಂದೊಂದು ಬದಿಯನ್ನೂ 3–4 ನಿಮಿಷ ಕೆಂಪಗೆ ಹುರಿದು, ತಟ್ಟೆಗೆ ತೆಗೆದಿಡಿ. ತಳಕ್ಕೆ ಅಂಟಿದ ಕಂದು ಪದರವನ್ನು ದಯವಿಟ್ಟು ತೊಳೆಯಬೇಡಿ, ಸಾಸಿನ ರುಚಿಯೆಲ್ಲ ಅದರಲ್ಲಿದೆ. ಅದೇ ಬಾಣಲೆಯಲ್ಲಿ ಬೆಣ್ಣೆ ಹಾಕಿ, ಜಜ್ಜಿದ ಬೆಳ್ಳುಳ್ಳಿಯನ್ನು ಬಾಡಿಸಿ, ಪಾಸ್ತಾ ಬೇಯಿಸಿದ ನೀರನ್ನು ಅರ್ಧ ಲೋಟ ಸುರಿದು ತಳವನ್ನು ಕೆರೆದ ನಂತರ, ಉರಿ ತಗ್ಗಿಸಿ ಕ್ರೀಮ್ ಸೇರಿಸಿ. ಆ ನೀರಿನಲ್ಲಿರುವ ಪಿಷ್ಟವು ಕೊಬ್ಬು ಬೇರ್ಪಡದಂತೆ ಹಿಡಿದಿಡುತ್ತದೆ. ತುರಿದ ಚೀಸನ್ನು ಒಲೆ ಆರಿಸಿದ ಮೇಲಷ್ಟೇ ಬೆರೆಸಿ, ತಟ್ಟೆಯಲ್ಲಿ ಇಳಿದಿರುವ ಮಾಂಸದ ರಸವನ್ನೂ ಸಾಸಿಗೆ ಸುರಿಯಿರಿ.