ಮೊದಲು ಹೋಗಿ ಕೇಳಿ, ಆಮೇಲೆ ಕೊಡಿ

ಮಂಡ್ಯದ ಸುಭಾಷ್ ನಗರದಿಂದ 62 ವರ್ಷದ ನಿವೃತ್ತ ಬ್ಯಾಂಕ್ ಉದ್ಯೋಗಿಯೊಬ್ಬರು ಬರೆದಿದ್ದಾರೆ: ‘ಪಿಂಚಣಿಯಲ್ಲಿ ತಿಂಗಳಿಗೆ ಎರಡು ಸಾವಿರ ತೆಗೆದಿಡಬಲ್ಲೆ. ವಾರದಲ್ಲಿ ಎರಡು ದಿನ ಬೆಳಗ್ಗೆ ಬಿಡುವಿದೆ. ಮೊಬೈಲಿನಲ್ಲೇ ದುಡ್ಡು ಕಳಿಸಿಬಿಡಿ ಸಾಕು ಅಂತಾನೆ ಮಗ. ನನಗೆ ಸಮಾಧಾನ ಇಲ್ಲ. ಹುಟ್ಟುಹಬ್ಬಕ್ಕೆ ಅನಾಥಾಶ್ರಮದಲ್ಲಿ ಊಟ ಹಾಕಿಸಲೇ?’

ಸಾರ್, ನಿಮ್ಮ ಮಗ ಹೇಳಿದ್ದು ತಪ್ಪಲ್ಲ. ದುಡ್ಡಿಲ್ಲದೆ ಯಾವ ಸಂಸ್ಥೆಯೂ ನಡೆಯುವುದಿಲ್ಲ. ಕಳಿಸಿ, ರಶೀದಿ ತೆಗೆದುಕೊಳ್ಳಿ. ನಗದಾಗಿ 2,000 ರೂಪಾಯಿ ಮೀರಿ ಕೊಟ್ಟರೆ ತೆರಿಗೆ ವಿನಾಯಿತಿ ಸಿಗಲ್ಲ ಅನ್ನೋದನ್ನ ಬ್ಯಾಂಕಿನಲ್ಲಿದ್ದ ನಿಮಗೆ ನಾನು ಹೇಳಬೇಕಾಗಿಲ್ಲ. ಆದರೆ ನಿಮ್ಮ ಕಾಗದದಲ್ಲಿ ನನಗೆ ತುಂಬಾ ಹಿಡಿಸಿದ್ದು ಆ ಎರಡು ಬೆಳಗ್ಗೆ.

ಹುಟ್ಟುಹಬ್ಬದ ಊಟ ಮಾತ್ರ ಬೇಡ. ಮೈಸೂರಿನ ಒಂದು ಮಕ್ಕಳ ಮನೆಯಲ್ಲಿ ನೋಡಿದ್ದೇನೆ. ಕೇಕ್ ತಂದವರು ಫೋಟೊ ತೆಗೆಸಿಕೊಂಡು ಮುಗಿಸುವವರೆಗೆ ಮಕ್ಕಳು ತಟ್ಟೆ ಮುಂದೆ ಕೈಕಟ್ಟಿ ಕೂತಿದ್ದರು, ಸಾರು ಆರಿ ತಣ್ಣಗಾಯ್ತು. ಪಕ್ಕದ ಕೋಣೆಯಲ್ಲಿ ದಾನದ ಬಟ್ಟೆ ಮೂಟೆ. ಜಿಪ್ ಕಿತ್ತ ಪ್ಯಾಂಟು, ಒಂಟಿ ಸಾಕ್ಸು, ಅಂಚು ಹರಿದ ರೇಷ್ಮೆ ಸೀರೆ. ಅಲ್ಲಿದ್ದವರೆಲ್ಲ ಹತ್ತು ವರ್ಷದ ಹುಡುಗರು! ವಾರ್ಡನ್‌ಗೆ ಬೇಕಾಗಿದ್ದದ್ದು ಹೊಸ ಒಳಉಡುಪು, ಮತ್ತೆ ಸಂಜೆ ಹೊತ್ತು ಲೆಕ್ಕ ಹೇಳಿಕೊಡೋಕೆ ಯಾರಾದರೂ ಒಬ್ಬರು. ಅವರನ್ನು ಯಾರೂ ಕೇಳಿರಲಿಲ್ಲ.

ಕೇಳಬೇಕು ಸಾರ್. ಮೈಸೂರಿನ ತಿಲಕ್ ನಗರದಲ್ಲಿ ಅಂಧ ಮಕ್ಕಳ ಸರ್ಕಾರಿ ಶಾಲೆ ಇದೆ. ಕಣ್ಣು ಕಾಣದ ಮಕ್ಕಳ ಪರವಾಗಿ ಪರೀಕ್ಷೆ ಬರೆಯೋಣ ಅಂತ ಎಷ್ಟೋ ಜನ ಉತ್ಸಾಹದಿಂದ ಹೋಗುತ್ತಾರೆ, ಆದರೆ ಸಾಮಾನ್ಯವಾಗಿ ಬರೆಯುವವರು ಆ ವಿದ್ಯಾರ್ಥಿಗಿಂತ ಕಡಿಮೆ ಓದಿರಬೇಕು ಅಂತ ನಿಯಮ. ಡಿಗ್ರಿ ಮಾಡಿದ ನಾವು ಅದಕ್ಕೆ ಆಗಲ್ಲ. ಪಾಠ ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡಿಕೊಡೋಕೆ ಆಗುತ್ತೇವೆ.

ರಕ್ತದ ವಿಷಯವೂ ಹಾಗೇ. ಕೆಂಪು ರಕ್ತಕಣಗಳನ್ನು ಹೆಚ್ಚೆಂದರೆ 42 ದಿನ ಇಡಬಹುದು, ಪ್ಲೇಟ್‌ಲೆಟ್ ಬರೀ 5 ದಿನ. ನಾಯಕರ ಹುಟ್ಟುಹಬ್ಬಕ್ಕೆ ಒಂದೇ ದಿನ ಸಾಲುಗಟ್ಟಿ ಕೊಟ್ಟರೆ, ಕಾಲೇಜುಗಳಿಗೆ ರಜೆ ಇರುವ ಏಪ್ರಿಲ್, ಮೇನಲ್ಲಿ ಥಲಸೇಮಿಯ ಅನ್ನೋ ರಕ್ತದ ಕಾಯಿಲೆ ಇರುವ ಮಗುವಿಗೆ ಎಲ್ಲಿಂದ ತರೋದು? ಆ ಮಗುವಿಗೆ ಎರಡು ಮೂರು ವಾರಕ್ಕೊಮ್ಮೆ ರಕ್ತ ಬೇಕೇಬೇಕು. ಮೊದಲ ಸಲ ಕೊಡುವವರು 60 ದಾಟಿರಬಾರದು, ಹಾಗಾಗಿ ಇದನ್ನ ನಿಮ್ಮ ಮಗನಿಗೆ ವಹಿಸಿ. ಗಂಡಸರು ಮೂರು ತಿಂಗಳಿಗೊಮ್ಮೆ ಕೊಡಬಹುದು. ಮಿಮ್ಸ್ ಆಸ್ಪತ್ರೆ ಮಂಡ್ಯದಲ್ಲೇ ಇದೆ, ಅಲ್ವಾ?

1984ರಲ್ಲಿ ಮೈಸೂರು ಮೆಡಿಕಲ್ ಕಾಲೇಜಿನ ಕೆಲವು ಹುಡುಗರು ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಶುರು ಮಾಡಿದರು. ಆಮೇಲೆ ಎಚ್.ಡಿ. ಕೋಟೆಯ ಕಾಡಂಚಿನ ಹಾಡಿಗಳಿಗೆ ಹೋದರು, ಜೇನುಕುರುಬರ ನಡುವೆ ಕೆಲಸ ಮಾಡಿದರು. ಒಂದು ದಿನ ಶಿಬಿರ ಮಾಡಿ ವಾಪಸ್ ಬಂದಿದ್ದರೆ ಸರಗೂರಿನಲ್ಲಿ ಇವತ್ತು ಅವರ ಆಸ್ಪತ್ರೆ ಇರುತ್ತಿರಲಿಲ್ಲ.

ನಿಮ್ಮ ಜಿಲ್ಲೆಯಲ್ಲೇ ಮುಯ್ಯಾಳು ಅಂತ ಇತ್ತು. ಇವತ್ತು ನಿಮ್ಮ ಗದ್ದೆಯಲ್ಲಿ ನಾಟಿ, ನಾಳೆ ನಮ್ಮದರಲ್ಲಿ. ಯಾರೂ ದಾನಿ ಅಲ್ಲ, ಯಾರೂ ಬೇಡುವವರಲ್ಲ. ಈಗ ಶಾಲೆಗೆ ನಾಲ್ಕು ಬೆಂಚು ಕೊಟ್ಟು ಬೆಂಚಿನ ಬೆನ್ನ ಮೇಲೆಲ್ಲ ಹೆಸರು ಬರೆಸುತ್ತಾರೆ, ಗೇಟಿಗೆ ಫ್ಲೆಕ್ಸ್ ಕಟ್ಟುತ್ತಾರೆ. ಆ ಮಗು ವರ್ಷವಿಡೀ ಇನ್ನೊಬ್ಬರ ಹೆಸರಿಗೆ ಒರಗಿ ಕೂರಬೇಕು. ನನಗೆ ಇದು ನಿಜಕ್ಕೂ ಸಂಕಟ.

ನೀವು ಹಾಗೆ ಮಾಡುವವರಲ್ಲ, ಕಾಗದದಲ್ಲೇ ಗೊತ್ತಾಗುತ್ತೆ. ನಿಮ್ಮ ಬಡಾವಣೆಗೆ ಹತ್ತಿರದ ಸರ್ಕಾರಿ ಶಾಲೆಗೆ ಸೋಮವಾರ ಹೋಗಿ. ಲೆಕ್ಕ ಹೇಳಿಕೊಡ್ತೀನಿ, ವಾರಕ್ಕೆ ಎರಡು ದಿನ ತಪ್ಪದೆ ಬರ್ತೀನಿ ಅನ್ನಿ. ಎರಡು ಸಾವಿರದ ಮಾತು ಸದ್ಯಕ್ಕೆ ಎತ್ತಬೇಡಿ. ಮೂರು ತಿಂಗಳು ಹೋಗಿಬಂದರೆ ಯಾವ ಹುಡುಗಿಗೆ ಕನ್ನಡಕ ಬೇಕು, ಯಾವ ಹುಡುಗನಿಗೆ ಬಸ್ ಪಾಸ್ ಬೇಕು ಅಂತ ಹೆಡ್‌ಮಾಸ್ಟರಿಗಿಂತ ಮೊದಲು ನಿಮಗೇ ಗೊತ್ತಾಗಿರುತ್ತೆ.