ಹಿಂದಿನ ಚೀಲದ ತೂಗಾಟ, ಪದೇ ಪದೇ ಪಂಕ್ಚರ್

ಪ್ರಶ್ನೆ: ಬೆಳಗಾವಿಯಿಂದ ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ್ ಇಳಿಯಬೇಕೆಂದಿದ್ದೇನೆ. ಸೈಕಲ್ ಮೇಲೆ 10 ಕಿಲೋ ಸಾಮಾನು. ಕಚ್ಚಾ ರಸ್ತೆಯಲ್ಲಿ ಸೀಟಿನ ಹಿಂದಿನ ಚೀಲ ತೂಗಾಡುತ್ತದೆ, ಹಿಂದಿನ ಚಕ್ರ ಪದೇ ಪದೇ ಪಂಕ್ಚರ್ ಆಗುತ್ತದೆ. ಏನು ಮಾಡಲಿ?
– ಓದುಗರು, ಟಿಳಕವಾಡಿ

ಉತ್ತರ: ಮೊದಲು ಟ್ಯೂಬ್ ಬಿಚ್ಚಿ ನೋಡಿ. ಅಕ್ಕಪಕ್ಕ ಎರಡು ಸಣ್ಣ ಸೀಳು ಕಂಡರೆ ಅದು ಮುಳ್ಳಿನ ಕೆಲಸವಲ್ಲ. ಗಾಳಿ ಸಾಲದೆ, ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿ ಹರಿದಿದೆ. ಟೈರ್ 2.2 ಇಂಚಿನದು, ನಿಮ್ಮ ತೂಕ 70 ಕಿಲೋ ಆಸುಪಾಸು ಎಂದಾದರೆ ಗಾಳಿಯ ಒತ್ತಡ ಹಿಂದೆ 32, ಮುಂದೆ 28 ಪಿಎಸ್‌ಐ ಇಟ್ಟು ಶುರುಮಾಡಿ. ಟ್ಯೂಬ್‌ಲೆಸ್ ಆದರೆ ನಾಲ್ಕೈದು ಕಡಿಮೆ ಸಾಕು. ಹಾಗಂತ 45ಕ್ಕೆ ಏರಿಸಬೇಡಿ. ಜಲ್ಲಿಯ ಮೇಲೆ ಚಕ್ರ ಪುಟಿದು ಹಿಡಿತ ತಪ್ಪುತ್ತದೆ.

ಚೀಲ ತೂಗಾಡುವುದು ಭಾರವೆಲ್ಲ ಹಿಂದಿರುವುದರಿಂದ. ನೀರು, ಪಾನಾ, ಟೆಂಟಿನ ಕಂಬಗಳು ಫ್ರೇಮಿನ ಚೀಲಕ್ಕೆ ಬರಲಿ. ಹಿಂದೆ ಬಟ್ಟೆ, ಸ್ಲೀಪಿಂಗ್ ಬ್ಯಾಗ್ ಮಾತ್ರ. ಚೀಲದೊಳಗಿನ ಗಾಳಿ ಹಿಂಡಿ ಬಿಗಿಯಿರಿ, 10 ಕಿ.ಮೀ. ಆದಮೇಲೆ ಬೆಲ್ಟ್‌ಗಳನ್ನು ಮತ್ತೊಮ್ಮೆ ಎಳೆಯಿರಿ. ಒಳಗಿನ ಬಟ್ಟೆ ಕುಸಿದು ಅವು ಸಡಿಲಾಗಿರುತ್ತವೆ.

ನೀವು ಕೇಳಿಲ್ಲ, ಆದರೂ ಹೇಳಲೇಬೇಕು: ಘಾಟ್ ಇಳಿಯುವಾಗ ಬ್ರೇಕನ್ನು ಸದಾ ಒತ್ತಿಹಿಡಿಯಬೇಡಿ. ಡಿಸ್ಕ್ ಕಾದು ಪ್ಯಾಡಿನ ಮೇಲ್ಮೈ ಗಾಜಿನಂತೆ ನುಣುಪಾಗುತ್ತದೆ, ಆಮೇಲೆ ಎಷ್ಟು ಒತ್ತಿದರೂ ಹಿಡಿಯದು. ತಿರುವಿನ ಮೊದಲೇ ಎರಡನ್ನೂ ಗಟ್ಟಿಯಾಗಿ ಒತ್ತಿ, ವೇಗ ಇಳಿಸಿ, ಬಿಟ್ಟುಬಿಡಿ.

ಎರಡು ಟ್ಯೂಬ್, ತುಂಡಾದ ಚೈನ್ ಜೋಡಿಸುವ ಕ್ವಿಕ್‌ಲಿಂಕ್, ನಿಮ್ಮ ಫ್ರೇಮಿಗೇ ಹೊಂದುವ ಡಿರೇಲರ್ ಹ್ಯಾಂಗರ್ (ಹಿಂದಿನ ಗೇರ್ ಬದಲಿಸುವ ಭಾಗವನ್ನು ಫ್ರೇಮಿಗೆ ಹಿಡಿದಿಡುವ ಕೊಂಡಿ) ಜೊತೆಗಿರಲಿ. ನೀರು 3 ಲೀಟರ್. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕೆಡುವುದಿಲ್ಲ. ಭೀಮಗಡ ಅಭಯಾರಣ್ಯದೊಳಗೆ ಮಾತ್ರ ಟೆಂಟ್ ಹಾಕಬೇಡಿ.